ಬೇಕರಿ ದಾರದ ಉಂಡೆ

ಹೋದ ವರ್ಷ ಮಳೆಗಾಲದಲ್ಲಿ ಒಬ್ರು ಕ್ಲಿನಿಕ್‌ಗೆ ಬಂದು ಜೇಬಿಂದ ಒಂದು ದಾರದ ಉಂಡೆ ತೆಗೆದು ನನ್ನ ಟೇಬಲ್ ಮೇಲಿಟ್ರು. ನಿಂಬೆಹಣ್ಣಿಗಿಂತ ದಪ್ಪ, ಬಿಳಿ ದಾರ, ತುಂಡು ತುಂಡಿಗೂ ಗಂಟು ಹಾಕಿ ಸುತ್ತಿದ್ದು, ಮೂಗಿನ ಹತ್ರ ಹಿಡಿದ್ರೆ ಇನ್ನೂ ಸ್ವಲ್ಪ ಬೆಣ್ಣೆ ವಾಸನೆ. ಬೇಕರಿಯೋರು ಪೇಪರ್ ಪೊಟ್ಟಣಕ್ಕೆ ಸುತ್ತಿ ಕೊಡ್ತಾರಲ್ಲ, ಆ ದಾರ. ಹೆಂಡತಿಯ ಹೊಲಿಗೆ ಮಿಷಿನ್ ಡ್ರಾಯರ್‌ನಲ್ಲಿ ಸಿಕ್ತಂತೆ. "ಇಷ್ಟು ದಾರ ಆಗ್ಬೇಕಾದ್ರೆ ಎಷ್ಟು ಪೊಟ್ಟಣ ನಮ್ಮನೆಗೆ ಬಂದಿರ್ಬೇಕು ಮೇಡಂ, ನಾನು ಒಂದೂ ಕಣ್ಣಲ್ಲಿ ನೋಡಿಲ್ಲ" ಅಂದ್ರು. ಅವ್ರಿಗೆ ಕೋಪ ಇರ್ಲಿಲ್ಲ, ಹೆದರಿಕೆ ಇತ್ತು.

ಮುಂದಿನ ವಾರ ಅವ್ರ ಹೆಂಡತಿನೇ ಬಂದ್ರು. ಅವ್ರ ಒಪ್ಪಿಗೆ ತಗೊಂಡು ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಾಯಿಸಿ ಬರೀತಿದೀನಿ. ನಲವತ್ತು ದಾಟಿದ ಹೆಣ್ಣುಮಗಳು, ಹಾಸನದ ಹತ್ರದ ಊರು, ಮನೇಲೇ ಬ್ಲೌಸ್ ಹೊಲೀತಾರೆ. ದಾರ ಯಾಕೆ ಎತ್ತಿಟ್ರಿ ಅಂತ ಕೇಳಿದೆ. ಪೇಪರ್ ಬಚ್ಚಲ ಒಲೆಗೆ ಹಾಕ್ತಿದ್ದೆ, ದಾರ ಕಚ್ಚಾ ಹೊಲಿಗೆಗೆ ಬರುತ್ತೆ ಅಂತ ಇಟ್ಕೊಂಡೆ ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ, "ಪ್ರತಿ ಸಲ ಗಂಟು ಹಾಕ್ವಾಗ ಇದೇ ಕೊನೇದು ಅಂದ್ಕೊಂಡೇ ಹಾಕ್ತಿದ್ದೆ ಮೇಡಂ" ಅಂದ್ರು.

ಇಪ್ಪತ್ತು ವರ್ಷದಿಂದ ಕುಡಿತದ ಕೇಸ್ ನೋಡ್ತಿದೀನಿ, ಈ ಮಾತು ನಂಗೆ ಹೊಸದಲ್ಲ. ಇದೇ ಕೊನೆ ಪೆಗ್, ಇದೇ ಕೊನೆ ಬೀಡಿ ಅಂತ ಕೇಳಿದೀನಿ. ಆದ್ರೆ ಕುಡಿಯೋರನ್ನ ಈಗೀಗ ಜನ ಪಾಪ ಅದೊಂದು ಕಾಯಿಲೆ ಅಂತಾರೆ, ಕರ್ಕೊಂಡೂ ಬರ್ತಾರೆ. ತಿನ್ನೋರಿಗೆ ಮಾತ್ರ ಇನ್ನೂ ಅದೇ ಹಳೇ ಮಾತು, ಹೊಟ್ಟೆಬಾಕ, ಬಾಯಿಚಪಲ, ನಾಲಿಗೆ ಹಿಡಿತ ಇಲ್ಲ. ಹಾಗಂದ ಕೂಡ್ಲೇ ಅವ್ರು ಬಾಯಿ ಮುಚ್ಕೊಂಡು ಇನ್ನಷ್ಟು ಒಳಗೆ ಹೋಗ್ತಾರೆ, ಕಾಯಿಲೆಗೆ ಬೇಕಾಗಿರೋದೂ ಅದೇ.

ಒಂದು ವಿಷಯ ಸರಿಯಾಗಿ ಹೇಳ್ಬಿಡ್ತೀನಿ. ಆಹಾರದ ಚಟ ಅನ್ನೋ ಮಾತು 1956ರಲ್ಲೇ ವೈದ್ಯ ಬರಹದಲ್ಲಿ ಬಂದಿದೆ, ಆದ್ರೆ ಇವತ್ತಿಗೂ ಅದು ನಮ್ಮ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ರೋಗ ಅಂತ ಇಲ್ಲ. ಮನೋರೋಗಗಳನ್ನ ಗುರುತಿಸೋಕೆ ಅಮೆರಿಕದ ಮನೋವೈದ್ಯರು 2013ರಲ್ಲಿ ತಂದ ಡಿಎಸ್ಎಂ-5 ಅನ್ನೋ ಪುಸ್ತಕದಲ್ಲಿ ಅದಕ್ಕೆ ಹತ್ತಿರದ ಬಿಂಜ್ ಈಟಿಂಗ್ ಡಿಸಾರ್ಡರ್ ಇದೆ, ಅಂದ್ರೆ ವಾರಕ್ಕೆ ಒಂದು ಸಲವಾದ್ರೂ, ಮೂರು ತಿಂಗಳು, ಸ್ವಲ್ಪ ಹೊತ್ತಲ್ಲೇ ವಿಪರೀತ ತಿನ್ನೋದು, ಆ ಹೊತ್ತಲ್ಲಿ ನಿಲ್ಸೋಕೆ ಕೈಲಾಗ್ದೇ ಇರೋದು, ಆಮೇಲೆ ತನ್ನ ಮೇಲೇ ಹೇಸಿಗೆ ಪಡೋದು. ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿ ಆಶ್ಲಿ ಗೆಯರ್‌ಹಾರ್ಟ್ ಮತ್ತೆ ಅವ್ರ ಜೊತೆಯವ್ರು 2009ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ರು, ಕುಡಿತ ಡ್ರಗ್ಸ್‌ಗೆ ಕೇಳೋ ಪ್ರಶ್ನೆಗಳನ್ನೇ ತಿನ್ನೋದಕ್ಕೆ ಹೊಂದಿಸಿ, 2016ರಲ್ಲಿ ಅದನ್ನ ಹೊಸದಾಗಿ ತಿದ್ದಿದ್ರು. ಚಟ ಆಹಾರದಲ್ಲಿಲ್ಲ, ತಿನ್ನೋ ರೀತಿಯಲ್ಲಿದೆ ಅಂತ ವಾದ ಮಾಡೋ ವಿಜ್ಞಾನಿಗಳೂ ಇದ್ದಾರೆ, ಅವ್ರ ಮಾತನ್ನ ನಾನು ತಳ್ಳಿಹಾಕಲ್ಲ. ಆದ್ರೆ ನನ್ನ ಎದುರಿಗೆ ಕೂತ ಮನುಷ್ಯರಲ್ಲಿ ಇದು ಬೆಳೆಯೋ ದಾರಿ ಕುಡಿತದ್ದೇ ದಾರಿ.

ಇವ್ರದ್ದು ಶುರುವಾಗಿದ್ದು ಅವ್ರ ತಾಯಿ ತೀರ್ಕೊಂಡ ವರ್ಷ. ಗೌರಿ ಗಣೇಶ ಹಬ್ಬದ ಆರ್ಡರ್ ಕೈತುಂಬ, ರಾತ್ರಿ ಒಂದು ಗಂಟೆವರೆಗೂ ಮಿಷಿನ್ ಮುಂದೆ, ಮನೆಯೋರೆಲ್ಲ ಮಲಗಿದ್ಮೇಲೆ ಅಮ್ಮನ ನೆನಪು. ಒಂದು ಲೋಟ ಕಾಫಿ, ಎರಡು ಬೆಣ್ಣೆ ಬಿಸ್ಕತ್ತು. ಅದ್ರಿಂದ ನಿಜವಾಗ್ಲೂ ಸಮಾಧಾನ ಆಯ್ತು, ಈ ಹಂತದಲ್ಲಿ ಯಾರೂ ತಪ್ಪು ಮಾಡ್ತಿಲ್ಲ. ಸಕ್ಕರೆ ಮತ್ತೆ ಕೊಬ್ಬು ಒಟ್ಟಿಗೆ ಬಂದಾಗ ಮೆದುಳಲ್ಲಿ ಡೋಪಮಿನ್ ಅನ್ನೋ, 'ಇದು ಬೇಕು' ಅನ್ನಿಸೋ ರಾಸಾಯನಿಕ ಏಳುತ್ತೆ, ನೋವು ಒಂದು ಗಳಿಗೆ ಹಿಂದಕ್ಕೆ ಸರಿಯುತ್ತೆ. ನಾವೆಲ್ಲರೂ ಯಾವ್ದಾದ್ರೂ ಕೆಟ್ಟ ದಿನ ಹೀಗೆ ತಿಂದಿದೀವಿ, ಅದಷ್ಟಕ್ಕೇ ಚಟ ಅನ್ನೋಕಾಗಲ್ಲ.

ಆಮೇಲೆ ಏನಾಗುತ್ತೆ ಅನ್ನೋದಕ್ಕೆ ವೋಲ್ಫ್ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡ್ಬೇಕು. ಕೋತಿಗೆ ಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮಿನ್ ನರಗಳು ಮಿಡೀತಿದ್ವು. ರಸ ಕೊಡೋ ಮುಂಚೆ ಪ್ರತಿ ಸಲ ಒಂದು ಸೂಚನೆ ತೋರಿಸ್ತಾ ಬಂದ್ರೆ ಕೆಲವು ದಿನದಲ್ಲಿ ಆ ಮಿಡಿತ ಸೂಚನೆಗೇ ಬರೋಕೆ ಶುರುವಾಯ್ತು, ರಸಕ್ಕೆ ನಿಂತೋಯ್ತು. ಇವ್ರಿಗೂ ಹಾಗೇ ಆಗಿತ್ತು. ಎರಡು ವರ್ಷ ಕಳೆಯೋ ಹೊತ್ತಿಗೆ ಬೇಜಾರಿರ್ಲಿ ಇಲ್ದೇ ಇರ್ಲಿ, ಮಿಷಿನ್ ಪೆಡಲ್ ಮೇಲೆ ಕಾಲಿಟ್ರೆ ಸಾಕು ತಲುಬು ಬರ್ತಿತ್ತು. ಪೇಟೆಗೆ ಲೈನಿಂಗ್ ಬಟ್ಟೆ ತರೋಕೆ ಹೋದ್ರೆ ಸಂಜೆ ಒಲೆಯಿಂದ ಟ್ರೇ ತೆಗೆಯೋ ಹೊತ್ತಿಗೆ ಸರಿಯಾಗಿ ಕಾಲು ತಾನಾಗೇ ಬೇಕರಿ ಕಡೆ ತಿರುಗ್ತಿತ್ತು. ನಮ್ಮ ಜಿಲ್ಲೆ ಬೇರೆ ಬೇಕರಿಗೆ ಹೆಸರಾದ ಜಿಲ್ಲೆ, ಬೆಂಗಳೂರಿನ ಗಲ್ಲಿ ಗಲ್ಲಿಯ ಅಯ್ಯಂಗಾರ್ ಬೇಕರಿ ನಡೆಸೋರಲ್ಲಿ ಎಷ್ಟೋ ಜನ ಹಾಸನ ಕಡೆಯೋರೇ, ಅದ್ರ ಬಗ್ಗೆ ನಂಗೂ ಹೆಮ್ಮೆ ಇದೆ. ಆದ್ರೆ ಈ ಕಾಯಿಲೆ ಇರೋರಿಗೆ ಪೇಟೆ ಬೀದಿ ಅಂದ್ರೆ ಕುಡಿತ ಬಿಟ್ಟೋನಿಗೆ ಬಾರ್‌ಗಳ ಸಾಲಿನ ಮುಂದೆ ನಡೆದ ಹಾಗೆ, ಅಷ್ಟನ್ನ ಮನೆಯವ್ರು ತಿಳ್ಕೊಂಡ್ರೂ ದೊಡ್ಡದು.

ಇಲ್ಲಿಂದ ಮುಂದೆ ಆಗೋದನ್ನ ಹೊರಗಿನವ್ರು ಸುಲಭಕ್ಕೆ ನಂಬಲ್ಲ. ಕೆಂಟ್ ಬೆರಿಜ್ ಅನ್ನೋ ಮನಶ್ಶಾಸ್ತ್ರಜ್ಞ ಇಲಿಗಳಲ್ಲಿ ತೋರಿಸಿಕೊಟ್ಟಿದ್ದು ಇದು, ಮೆದುಳಲ್ಲಿ 'ಬೇಕು' ಅನ್ನೋದು ಬೇರೆ, 'ಚೆನ್ನಾಗಿದೆ' ಅನ್ನೋದು ಬೇರೆ, ಎರಡಕ್ಕೂ ದಾರಿ ಬೇರೆ ಬೇರೆ. ಚಟದಲ್ಲಿ ಮೊದಲನೇದು ಬೆಳೀತಾ ಹೋಗುತ್ತೆ, ಎರಡನೇದು ಸೊರಗುತ್ತೆ. ನಾನು ಇವ್ರನ್ನ, ಕೊನೇ ಸಲ ತಿಂದಾಗ ರುಚಿ ಹೇಗಿತ್ತು ಅಂತ ಕೇಳಿದೆ. ತುಂಬ ಹೊತ್ತು ಯೋಚನೆ ಮಾಡಿದ್ರು. ಮೊದಲನೇ ತುಂಡು ಗೊತ್ತು ಮೇಡಂ, ಆಮೇಲಿಂದು ಗೊತ್ತಿಲ್ಲ, ನಿಂತ್ಕೊಂಡೇ ತಿಂತೀನಿ, ಅಗಿಯೋದೂ ಇಲ್ಲ, ಹನಿ ಕೇಕೋ ಖಾರ ಬಿಸ್ಕತ್ತೋ ಯಾವ್ದು ಬಾಯಿಗೆ ಹೋಯ್ತು ಅನ್ನೋದೂ ತಿಳಿಯಲ್ಲ ಅಂದ್ರು. ಹಾಗಾಗಿ ಇವ್ರನ್ನ ರುಚಿಗೆ ಬಿದ್ದೋರು ಅಂತ ಕರೆಯೋದು ಅನ್ಯಾಯ, ರುಚಿ ಅವ್ರ ಕೈ ಬಿಟ್ಟು ವರ್ಷಗಳಾಗಿರುತ್ತೆ.

ಈಗ ನಾನು ಈ ಅಂಕಣ ಬರೆಯೋಕೆ ಕೂತ ಮುಖ್ಯ ಕಾರಣಕ್ಕೆ ಬರ್ತೀನಿ, ಅದು ಒಪ್ಪತ್ತು. ದೇವರ ಹೆಸರಲ್ಲಿ ವ್ರತ ಮಾಡೋರ ಬಗ್ಗೆ ನಾನು ಹೇಳ್ತಿಲ್ಲ, ನಮ್ಮತ್ತೆ ಎಪ್ಪತ್ತೈದರಲ್ಲೂ ಏಕಾದಶಿ ಬಿಟ್ಟಿಲ್ಲ, ಅವ್ರಿಗೆ ಅದ್ರಿಂದ ಏನೂ ತೊಂದರೆ ಇಲ್ಲ. ನಾನು ಹೇಳ್ತಿರೋದು ಶಿಕ್ಷೆಯ ಒಪ್ಪತ್ತು. ರಾತ್ರಿ ಪೊಟ್ಟಣ ಖಾಲಿ ಮಾಡಿದ್ರೆ ಬೆಳಿಗ್ಗೆ ತಿಂಡಿ ಬಿಡೋದು, ಮಧ್ಯಾಹ್ನ ಬರೀ ಮಜ್ಜಿಗೆ, ಕೇಳಿದ್ರೆ ಇವತ್ತು ಶನಿವಾರ ಒಪ್ಪತ್ತು ಅನ್ನೋದು. ಇವ್ರಿಗೆ ಮೊದಲು ಶನಿವಾರ ಇತ್ತು, ಆಮೇಲೆ ಸೋಮವಾರ ಸೇರ್ತು, ಆಮೇಲೆ ಸಂಕಷ್ಟಿ, ಕೊನೆಗೆ ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಒಲೆ ಹಚ್ಚಿ ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿ ತಾವು ಮಾತ್ರ ತಿನ್ತಿರ್ಲಿಲ್ಲ. ಮನೆಯೋರಿಗೆ ಇದು ಭಕ್ತಿ, ಅವ್ರಿಗೆ ಇದು ಪ್ರಾಯಶ್ಚಿತ್ತ, ದೇಹಕ್ಕೆ ಇದು ಬರಗಾಲ. ಸಂಜೆ ಏಳಕ್ಕೆ ಕೈ ನಡುಗುತ್ತೆ, ರಾತ್ರಿ ಹನ್ನೊಂದಕ್ಕೆ ಮತ್ತೆ ಅದೇ ಪೊಟ್ಟಣ, ಹೋದ ಸಲಕ್ಕಿಂತ ದೊಡ್ಡದು.

ಇದು ಮನಸ್ಸಿನ ದೌರ್ಬಲ್ಯ ಅಲ್ಲ ಅನ್ನೋದಕ್ಕೆ ಹಳೇ ಪುರಾವೆ ಇದೆ. ಎರಡನೇ ಮಹಾಯುದ್ಧದ ಕೊನೇಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಾಗಿದ್ದ ಗಂಡು ಹುಡುಗರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ರು. ಹಗಲೂ ರಾತ್ರಿ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದೋದು, ತಟ್ಟೆ ನೆಕ್ಕೋದು. ಆಮೇಲೆ ಬೇಕಾದಷ್ಟು ತಿನ್ನೋಕೆ ಬಿಟ್ಟಾಗ ಕೆಲವ್ರು ಹೊಟ್ಟೆ ಬಿರಿಯೋ ಅಷ್ಟು ತಿಂದ್ರು, ಆದ್ರೂ ಹಸಿವು ಹೋಗಿಲ್ಲ ಅಂದ್ರು. ಅವ್ರಿಗೆ ಯಾರಿಗೂ ಮುಂಚೆ ಈ ತೊಂದರೆ ಇರ್ಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯಲ್ಲಿ ನಿಕೋಲ್ ಅವೆನಾ ಮತ್ತೆ ಬಾರ್ಟ್ ಹೋಬೆಲ್ ಅನ್ನೋ ವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಕೆಲಸ ನಂಗೆ ಇನ್ನೂ ಮುಖ್ಯ ಅನ್ಸುತ್ತೆ. ದಿನಕ್ಕೆ 12 ಗಂಟೆ ಊಟ ಇಲ್ದೇ ಇಟ್ಟು ಆಮೇಲೆ ಸಕ್ಕರೆ ನೀರು ಮತ್ತೆ ಆಹಾರ ಕೊಟ್ಟ ಇಲಿಗಳು ಮುಗಿಬಿದ್ದು ಕುಡಿಯೋದನ್ನ ಕಲಿತ್ವು, ಸಕ್ಕರೆ ನಿಲ್ಸಿದಾಗ ಅವುಗಳಲ್ಲಿ ಚಟ ಬಿಟ್ಟಾಗ ಕಾಣೋ ಚಡಪಡಿಕೆ ಕಾಣಿಸ್ಕೊಳ್ತು. ಅದೇ ಸಕ್ಕರೆ ನೀರು, ಅದೇ ಆಹಾರ ಇಡೀ ದಿನ ಎದುರಿಗೇ ಇದ್ದ ಇಲಿಗಳಿಗೆ ಹಾಗಾಗ್ಲಿಲ್ಲ.

ಇದನ್ನೆಲ್ಲ ಓದಿದ್ರೂ ನಾನೂ ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಇಂಥೋರಿಗೆ ಒಂದು ಡಯಟ್ ಚೀಟಿ ಬರೆದು ಬಾಯಿ ಕಟ್ಟಿ ಅಂತ ಹೇಳಿ ಕಳಿಸಿದ್ದೆ. ಒಬ್ಬ ಕಾಲೇಜು ಹುಡುಗಿ ಎರಡು ತಿಂಗಳು ಅದನ್ನ ಪಾಲಿಸಿ ಆಮೇಲೆ ಮೊದಲಿಗಿಂತ ಕೆಟ್ಟ ಸ್ಥಿತೀಲಿ ವಾಪಸ್ ಬಂದ್ಲು, ನನ್ನ ಮುಖ ನೋಡಿ ಸಾರಿ ಮೇಡಂ ಅಂದ್ಲು. ಸಾರಿ ಕೇಳ್ಬೇಕಾಗಿದ್ದು ನಾನು, ಕೇಳ್ದೆ ಕೂಡ.

ಬಚ್ಚಿಡೋದು ಶುರುವಾದ್ಮೇಲೆ ಬದುಕು ಚಿಕ್ಕದಾಗ್ತಾ ಬರುತ್ತೆ. ಇವ್ರು ಮದುವೆ ಮನೇಲಿ ಎಲೆ ಮೇಲೆ ಒಂದು ಚಮಚ ಪಾಯಸ ಬಡಿಸ್ಕೊಂಡು ಸಾಕು ಸಾಕು ಅಂತ ಕೈ ಅಡ್ಡ ಹಿಡೀತಿದ್ರಂತೆ, ನೆಂಟ್ರು ಎಷ್ಟು ಕಂಟ್ರೋಲ್ ನೋಡಿ ಇವ್ರಿಗೆ ಅಂತ ಹೊಗಳ್ತಿದ್ರಂತೆ. ಆಮೇಲಾಮೇಲೆ ಮದುವೆಗೇ ಹೋಗೋದು ಬಿಟ್ರು, ಮಗಳ ಜೊತೆ ಸಿನಿಮಾಕ್ಕೆ ಹೋಗೋದು ಬಿಟ್ರು, ಮನೆ ಖಾಲಿ ಇರೋ ಹೊತ್ತಿಗೆ ಕಾಯೋಕೆ ಶುರು ಮಾಡಿದ್ರು. ಅದಕ್ಕೇ ಮನೆಯವ್ರಿಗೆ ನಾನು ಹೇಳೋದು, ಎಷ್ಟು ತಿಂದ್ರು ಅಂತ ಲೆಕ್ಕ ಹಾಕ್ಬೇಡಿ, ದಪ್ಪ ಇದ್ದಾರಾ ಸಣ್ಣ ಇದ್ದಾರಾ ಅಂತಾನೂ ನೋಡ್ಬೇಡಿ, ಈ ಕಾಯಿಲೆ ಸಣ್ಣಗಿರೋರಲ್ಲೂ ಇರುತ್ತೆ. ಒಬ್ಬರೇ ತಿನ್ನೋಕೆ ಸಮಯ ಹುಡುಕ್ತಿದ್ದಾರಾ, ಎಲ್ಲರ ಜೊತೆ ಕೂತು ತಿನ್ನೋದು ಕಮ್ಮಿ ಆಗಿದ್ಯಾ, ಅದನ್ನ ನೋಡಿ.

ಯಾವ ತಿಂಡಿ ಅನ್ನೋ ಪ್ರಶ್ನೆ ಎಲ್ಲರೂ ಕೇಳ್ತಾರೆ. ಮುದ್ದೆ ಬಸ್ಸಾರಿಗೆ ಚಟ ಹತ್ತಿದೋರು ನನ್ನತ್ರ ಇದುವರೆಗೂ ಬಂದಿಲ್ಲ. ಹಾಸನ ಆಲೂಗಡ್ಡೆ ಬೆಳೆಯೋ ಸೀಮೆ, ಬೇಯಿಸಿದ ಆಲೂಗಡ್ಡೆ ಯಾರೂ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದು ಕೇಳಿಲ್ಲ, ಅದೇ ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಎಣ್ಣೆಗೆ ಬಿಟ್ಟು ಉಪ್ಪು ಖಾರ ಉದುರಿಸಿ ಪ್ಯಾಕೆಟ್‌ಗೆ ಹಾಕಿದ್ರೆ ಬಚ್ಚಿಡ್ತಾರೆ. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನೋ ವಿಜ್ಞಾನಿ 20 ಜನರನ್ನ ಆಸ್ಪತ್ರೆಲೇ ಇಟ್ಕೊಂಡು ಎರಡು ವಾರ ಫ್ಯಾಕ್ಟರಿ ತಿನಿಸು, ಎರಡು ವಾರ ಸಾಮಾನ್ಯ ಅಡುಗೆ ಕೊಟ್ರು, ಬಡಿಸಿದ್ರಲ್ಲಿ ಸಕ್ಕರೆ ಕೊಬ್ಬು ನಾರು ಉಪ್ಪು ಎರಡಕ್ಕೂ ಒಂದೇ ಲೆಕ್ಕ, ಎಷ್ಟು ಬೇಕಾದ್ರೂ ತಿನ್ನಬಹುದು. ಫ್ಯಾಕ್ಟರಿ ತಿನಿಸಿನ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದ್ರು, ಬೇಗ ಬೇಗ ತಿಂದ್ರು.

ಚಿಕಿತ್ಸೆ ಶುರು ಮಾಡೋ ಮುಂಚೆ ನಾವು ಔಷಧಿ ಚೀಟಿ ಕೇಳ್ತೀವಿ, ಮನೋರೋಗಕ್ಕೆ ಕೊಡೋ ಒಲಾಂಜಪಿನ್, ಮಿರ್ಟಜಪಿನ್, ಜೊತೆಗೆ ಸ್ಟೀರಾಯ್ಡ್ ಇವೆಲ್ಲ ಹಸಿವನ್ನ ಏರಿಸ್ತವೆ, ಅದನ್ನ ಚಟ ಅಂದ್ಕೋಬಾರ್ದು, ಹಾಗಂತ ನೀವೇ ನಿಲ್ಸಲೂಬಾರ್ದು. ತಿಂದಾದ್ಮೇಲೆ ಬೆರಳು ಹಾಕಿ ವಾಂತಿ ಮಾಡೋದು, ಭೇದಿ ಮಾತ್ರೆ ನುಂಗೋದು ಇದ್ರೆ ತಡ ಮಾಡ್ಬೇಡಿ, ಪೊಟ್ಯಾಸಿಯಂ ಇಳಿದ್ರೆ ಎದೆ ಬಡಿತವೇ ತಪ್ಪುತ್ತೆ. ಸಾಯ್ಬೇಕು ಅನ್ನೋ ಯೋಚನೆ ಬಂದ್ರಂತೂ ಅವತ್ತೇ ಬನ್ನಿ, ರಾತ್ರಿ ಹೊತ್ತಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಇವ್ರಿಗೆ ನಾನು ಮೊದಲು ಕೊಟ್ಟಿದ್ದು ಊಟದ ಟೈಮು. ಮೂರು ಹೊತ್ತು ಊಟ, ಮಧ್ಯೆ ಎರಡು ಸಲ ಏನಾದ್ರೂ, ಎಚ್ಚರ ಇರೋವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡೋ ಹಾಗಿಲ್ಲ, ರಾತ್ರಿ ಏನೇ ಆಗಿದ್ರೂ ಬೆಳಿಗ್ಗೆ ತಿಂಡಿ ತಪ್ಪಿಸೋ ಹಾಗಿಲ್ಲ. ಇಷ್ಟು ತಿಂದ್ರೆ ಇನ್ನೂ ದಪ್ಪ ಆಗ್ತೀನಿ ಅಂತ ಅತ್ತುಬಿಟ್ರು. ಜೊತೆಗೆ ಒಂದು ನೋಟ್‌ಬುಕ್, ತಿಂದಿದ್ದನ್ನ ಆವಾಗ್ಲೇ ಬರೆಯೋದು, ಎಲ್ಲಿ, ಯಾರಿದ್ರು, ಮನಸ್ಸಲ್ಲಿ ಏನಿತ್ತು, ಅಷ್ಟೇ. ಇದು ಸಿಬಿಟಿ, ಅಂದ್ರೆ ಯೋಚನೆ ಮತ್ತೆ ನಡವಳಿಕೆ ಎರಡನ್ನೂ ತಿದ್ದೋ ಮಾತಿನ ಚಿಕಿತ್ಸೆಯ ಮೊದಲ ಮೆಟ್ಟಿಲು, ಬಿಂಜ್ ಈಟಿಂಗ್‌ಗೆ ಇದಕ್ಕಿಂತ ಚೆನ್ನಾಗಿ ಪರೀಕ್ಷೆಗೆ ನಿಂತಿದ್ದು ಇನ್ನೊಂದಿಲ್ಲ. ಹೊಲಿಗೆ ಮಿಷಿನ್ ಒಳಗಿನ ರೂಮಿಂದ ಹಾಲಿಗೆ ಬಂತು. ಗಂಡನಿಗೆ ಡಬ್ಬಕ್ಕೆ ಬೀಗ ಹಾಕ್ಬೇಡಿ, ಬ್ಯಾಗ್ ಹುಡುಕ್ಬೇಡಿ, ಬೆಳಿಗ್ಗೆ ತಿಂಡಿಗೆ ಜೊತೇಲಿ ಕೂತ್ಕೊಳ್ಳಿ ಅಂದೆ, ಪಾಪ ಆ ಮನುಷ್ಯ ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆಯೋಕೆ ಶುರು ಮಾಡಿದ್ರು. ಅಮ್ಮನ ವಿಷಯ ಮಾತಾಡೋಕೆ ನಾಲ್ಕು ತಿಂಗಳು ಹಿಡೀತು.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದ್ರು. ಅಮ್ಮನ ತಿಥಿ ಮುಗಿಸಿ ಬಂದ ರಾತ್ರಿ ಎರಡು ಪೊಟ್ಟಣ ಖಾಲಿ ಮಾಡಿದೆ ಮೇಡಂ, ಐದು ತಿಂಗಳು ಏನೂ ಇರ್ಲಿಲ್ಲ, ಎಲ್ಲ ಹಾಳಾಯ್ತು ಅಂದ್ರು. ಬೆಳಿಗ್ಗೆ ತಿಂಡಿ ತಿಂದ್ರಾ ಅಂತ ಕೇಳಿದೆ.

ತಿಂದೆ ಅಂದ್ರು. ಮೂರು ಇಡ್ಲಿ, ಇವ್ರೂ ಕೂತಿದ್ರು.