ಬಿಸಿಯ ದಾರಿ ಎಲ್ಲಿ ಕಟ್ಟಿಕೊಂಡಿದೆ?

ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಕಳಚಿ, ಪ್ರೊಸೆಸರಿನ ಮೇಲಿನ ಫ್ಯಾನನ್ನು ಬಿಡಿಸಿದಾಗ ಅದರ ಕೆಳಗಿರಬೇಕಾದ ಅಲ್ಯೂಮಿನಿಯಂ ರೆಕ್ಕೆಗಳು ಕಾಣಿಸಲೇ ಇಲ್ಲ. ಐದು ವರ್ಷಗಳ ಧೂಳು, ಕೂದಲು ಮತ್ತು ಎಲ್ಲಿಂದಲೋ ಬಂದ ಕೆಂಪು ನೂಲಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತಾಗಿದ್ದವು; ಒಂದು ಮೂಲೆ ಹಿಡಿದು ಎತ್ತಿದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂದಿತು. ಹತ್ತು ನಿಮಿಷ ಕೆಲಸ ಮಾಡುವಷ್ಟರಲ್ಲಿ ತಾನಾಗಿಯೇ ಆರಿಹೋಗುತ್ತಿದ್ದ ಈ ಯಂತ್ರವನ್ನು ನೋಡಿದ ರಿಪೇರಿ ಅಂಗಡಿಯವರು ‘ಪ್ರೊಸೆಸರ್ ಹೋಗಿದೆ, ಹೊಸದು ಹಾಕಿಸಿ’ ಎಂದಿದ್ದರು. ಆದರೆ ಹಾಳಾದ ಪ್ರೊಸೆಸರ್ ಪ್ರತಿದಿನವೂ ಲೆಕ್ಕ ಹಾಕಿದಂತೆ ಹತ್ತು ನಿಮಿಷ ನಡೆದು ನಿಲ್ಲುವುದು ಅಪರೂಪ. ಇಂದಿನ ಪ್ರೊಸೆಸರುಗಳ ಒಳಗೇ ತಾಪಮಾನವನ್ನು ಅಳೆಯುವ ಸಂವೇದಕಗಳಿದ್ದು, ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದರೆ ಅವು ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅದರಿಂದಲೂ ಬಿಸಿ ಇಳಿಯದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತವೆ.

ಪ್ರೊಸೆಸರಿಗೆ ಹೋದ ವಿದ್ಯುತ್ತೆಲ್ಲವೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಇಂಥ ಪ್ರೊಸೆಸರ್ ಬಳಸುವ 65 ವ್ಯಾಟ್ ಎಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟೇ ತಾನೆ ಎನಿಸಬಹುದು. ಆದರೆ ಆ ಬಿಸಿ ಹುಟ್ಟುವುದು ಸುಮಾರು ಒಂದೂವರೆ ಚದರ ಸೆಂಟಿಮೀಟರಿನ ಸಿಲಿಕಾನ್ ಚೂರಿನಲ್ಲಿ, ಅಂದರೆ ಚದರ ಸೆಂಟಿಮೀಟರಿಗೆ 43 ವ್ಯಾಟ್‌ನಂತೆ. 18 ಸೆಂಟಿಮೀಟರ್ ಅಗಲದ, 1500 ವ್ಯಾಟಿನ ವಿದ್ಯುತ್ ಒಲೆಯ ತಟ್ಟೆಯಲ್ಲಿ ಈ ಪ್ರಮಾಣ ಚದರ ಸೆಂಟಿಮೀಟರಿಗೆ ಸುಮಾರು 6 ವ್ಯಾಟ್ ಮಾತ್ರ.

ಈ ಬಿಸಿ ಕೋಣೆಯ ಗಾಳಿಯನ್ನು ಸೇರುವುದಕ್ಕೆ ಹಲವು ಬಾಗಿಲುಗಳನ್ನು ದಾಟಬೇಕು: ಸಿಲಿಕಾನಿನಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಮುಚ್ಚಳದಿಂದ ರೆಕ್ಕೆಗಳನ್ನು ಹೊತ್ತ ಲೋಹದ ತುಂಡಾದ ಹೀಟ್‌ಸಿಂಕಿನ ತಳಕ್ಕೆ, ತಳದಿಂದ ರೆಕ್ಕೆಗಳಿಗೆ, ರೆಕ್ಕೆಗಳಿಂದ ಫ್ಯಾನ್ ತಳ್ಳುವ ಗಾಳಿಗೆ. ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಮುಚ್ಚಳ ಮತ್ತು ತಳ ಕೂಡುವ ಜಾಗ. ಕಣ್ಣಿಗೆ ಕನ್ನಡಿಯಂತೆ ನುಣುಪಾಗಿ ಕಂಡರೂ ಎರಡು ಲೋಹಗಳೂ ಸೂಕ್ಷ್ಮವಾಗಿ ಉಬ್ಬುತಗ್ಗಾಗಿರುತ್ತವೆ, ಅಲ್ಲಲ್ಲಿ ಮಾತ್ರ ತಾಗುತ್ತವೆ, ಉಳಿದೆಡೆ ಗಾಳಿ ಕುಳಿತಿರುತ್ತದೆ. ಗಾಳಿ ಬಿಸಿಯನ್ನು ಸಾಗಿಸುವುದರಲ್ಲಿ ಬಲು ಸೋಮಾರಿ. ಮೂರು ಸೆಂಟಿಮೀಟರ್ ಚೌಕದ ಮುಚ್ಚಳದ ಮೇಲೆ ಪೂರ್ತಿಯಾಗಿ 0.05 ಮಿಲಿಮೀಟರ್ ಗಾಳಿಯ ಪದರವಿದೆ ಎಂದು ಊಹಿಸಿ ಲೆಕ್ಕ ಹಾಕಿದರೆ, ಅದರ ಮೂಲಕ 65 ವ್ಯಾಟ್ ದಾಟಬೇಕಾದರೆ ಎರಡು ಬದಿಗಳ ನಡುವೆ ಸುಮಾರು 140 ಡಿಗ್ರಿ ವ್ಯತ್ಯಾಸ ಬೇಕಾಗುತ್ತದೆ. ಅದೇ ಜಾಗದಲ್ಲಿ ಒಂದು ಸಾಧಾರಣ ಒಳ್ಳೆಯ ಥರ್ಮಲ್ ಪೇಸ್ಟ್ (ಬಿಸಿ ಸಾಗಿಸುವ ಲೇಪ) ಇದ್ದರೆ ಒಂದು ಡಿಗ್ರಿಯೂ ಬೇಡ. ವರ್ಷಗಳು ಕಳೆದಂತೆ ಪೇಸ್ಟಿನ ಎಣ್ಣೆಯಂಶ ಆರಿ ಅದು ಸುಣ್ಣದಂತೆ ಬಿರುಕುಬಿಡುತ್ತದೆ, ಬಿರುಕುಗಳಿಗೆ ಮತ್ತೆ ಗಾಳಿ ನುಗ್ಗುತ್ತದೆ.

ಹಾಗಾದರೆ ಕಟ್ಟಿಕೊಂಡಿರುವುದು ಯಾವ ಬಾಗಿಲು? ಇದನ್ನು ತಿಳಿಯಲು ತಾಪಮಾನ ಎಷ್ಟಕ್ಕೆ ಏರಿತು ಎನ್ನುವುದಕ್ಕಿಂತ ಎಷ್ಟು ಬೇಗ ಏರಿತು ಎನ್ನುವುದು ಹೆಚ್ಚು ಉಪಯುಕ್ತ. 400 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗಲು ಸುಮಾರು 360 ಜೂಲ್ ಬೇಕು. 65 ವ್ಯಾಟಿನಲ್ಲಿ ಅದಕ್ಕೆ ಐದಾರು ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಹೀಟ್‌ಸಿಂಕೇ ಬಿಸಿಯಾಗುತ್ತಿದ್ದರೆ ಅಂಕಿ ನಿಮಿಷಗಟ್ಟಲೆ ನಿಧಾನವಾಗಿ ಮೇಲೇರುತ್ತದೆ, ದೋಷ ಧೂಳಿನದು ಅಥವಾ ಫ್ಯಾನಿನದು. ಸಿಲಿಕಾನ್ ಚೂರಿನ ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಅದರ ಬಿಸಿಗೆ ಮುಂದಿನ ದಾರಿಯೇ ಸಿಗದಿದ್ದರೆ, ಭಾರಿ ಕೆಲಸ ಕೊಟ್ಟ ಎರಡು ಮೂರು ಸೆಕೆಂಡುಗಳಲ್ಲೇ ಅಂಕಿ ಎಂಬತ್ತು ತೊಂಬತ್ತಕ್ಕೆ ಜಿಗಿಯುತ್ತದೆ. ನಮ್ಮ ಯಂತ್ರದಲ್ಲಿ ಎರಡೂ ಇದ್ದವು. ಧೂಳು ತೆಗೆದ ಮೇಲೆ ನಿಧಾನದ ಏರಿಕೆ ನಿಂತಿತು, ಆದರೆ 82 ಡಿಗ್ರಿಯವರೆಗಿನ ಆ ಮೊದಲ ಜಿಗಿತ ಅಲುಗಲಿಲ್ಲ. ಹಲವರು ಮಾಡುವಂತೆ ತಗಡು ತೆರೆದಿಟ್ಟು ಎದುರಿಗೆ ಟೇಬಲ್ ಫ್ಯಾನ್ ಹಚ್ಚುವುದರಿಂದಲೂ ಇಂಥ ಜಿಗಿತ ಹೆಚ್ಚೇನೂ ತಗ್ಗದು, ಏಕೆಂದರೆ ಅದು ನೆರವಾಗುವುದು ಕೊನೆಯ ಬಾಗಿಲಿಗೆ ಮಾತ್ರ.

ಪೇಸ್ಟ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಕೂಡದು. ಒಣಗಿದ ಪೇಸ್ಟ್ ಕೆಲವೊಮ್ಮೆ ಅಂಟಿನಂತೆ ಹಿಡಿದಿರುತ್ತದೆ. ಪಿನ್ನುಗಳಿರುವ ಪ್ರೊಸೆಸರ್ ಆದರೆ ಹೀಟ್‌ಸಿಂಕನ್ನು ನೇರವಾಗಿ ಎಳೆದಾಗ ಅದೂ ಕಿತ್ತುಕೊಂಡು ಬಂದು ಪಿನ್ನುಗಳು ಬಾಗುತ್ತವೆ. ಯಂತ್ರವನ್ನು ಕೆಲವು ನಿಮಿಷ ಓಡಿಸಿ ಪೇಸ್ಟ್ ಮೆದುವಾದ ಮೇಲೆ, ವಿದ್ಯುತ್ ತಂತಿಯನ್ನು ಕಿತ್ತು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುವಿ ಬಿಡಿಸಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ದಪ್ಪಗೆ ಮೆತ್ತಿದರೆ ಪ್ರಯೋಜನವಿಲ್ಲ: ಅದು ತಗ್ಗುಗಳನ್ನು ತುಂಬುವುದಕ್ಕಷ್ಟೇ ಇರುವುದು, ಲೋಹದಷ್ಟು ಚೆನ್ನಾಗಿ ಬಿಸಿಯನ್ನು ಸಾಗಿಸಲಾರದು. ಗ್ಯಾಲಿಯಂ ಬೆರೆತ ‘ದ್ರವ ಲೋಹ’ವನ್ನಂತೂ ಅಲ್ಯೂಮಿನಿಯಂ ತಳಕ್ಕೆ ಹಚ್ಚಲೇಬಾರದು, ಅದು ಅಲ್ಯೂಮಿನಿಯಮ್ಮನ್ನು ತಿಂದು ಪುಡಿಪುಡಿ ಮಾಡುತ್ತದೆ. ಬ್ಲೋವರಿನಿಂದ ಧೂಳು ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಸವೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಗಾಳಿಯಿಂದ ತಣಿಯುವ ಯಂತ್ರ ಕೋಣೆಗಿಂತ ತಣ್ಣಗಾಗದು. ಕೋಣೆಯಲ್ಲಿ 28 ಡಿಗ್ರಿ ಇದ್ದಾಗ 70ರಲ್ಲಿ ನಿಲ್ಲುವ ಪ್ರೊಸೆಸರ್, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಆದಾಗ ಅದೇ ಕೆಲಸಕ್ಕೆ 82ರ ಹತ್ತಿರ ನಿಲ್ಲುತ್ತದೆ. ಅಂಥ ಕಡೆ ಬಿಸಿಯ ಹುಟ್ಟನ್ನೇ ತಗ್ಗಿಸುವುದು ಜಾಣತನ. ಪ್ರೊಸೆಸರ್ ಬಳಸುವ ಶಕ್ತಿಯ ಬಹುಪಾಲು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿರುವುದರಿಂದ, ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್ ಅವಕಾಶ ಕೊಟ್ಟರೆ ವೋಲ್ಟೇಜನ್ನು ಶೇಕಡ 10ರಷ್ಟು ಇಳಿಸಿದಾಗ ಆ ಪಾಲು ಶೇಕಡ 19ರಷ್ಟು ಇಳಿಯುತ್ತದೆ. ಆದರೆ ಯಂತ್ರ ಎಡವದೆ ನಡೆಯುತ್ತದೆಯೇ ಎಂದು ಹಂತಹಂತವಾಗಿ ನೋಡಿಕೊಳ್ಳಬೇಕು.

ಹೊಸ ಪೇಸ್ಟಿನ ನಂತರ ನಮ್ಮ ಯಂತ್ರದ ಮೊದಲ ಜಿಗಿತ 61ಕ್ಕೆ ಇಳಿಯಿತು, ಅರ್ಧ ಗಂಟೆ ದುಡಿಸಿದರೂ 70 ದಾಟಲಿಲ್ಲ. ತಗಡನ್ನು ಮುಚ್ಚಿ ಕ್ಯಾಬಿನೆಟ್ಟನ್ನು ಹಳೆಯ ಜಾಗದಲ್ಲಿ ಇಡಲು ಹೋದಾಗ ಕಣ್ಣಿಗೆ ಬಿದ್ದದ್ದು ನೆಲದ ಮೇಲಿನ ಕೆಂಪು ಜಮಖಾನ, ಅದರ ಒಂದು ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಕ್ಯಾಬಿನೆಟ್ ಈಗ ಮೇಜಿನ ಮೇಲಿದೆ.