ಫೋಟೊ ನೋಡಿ ಐರಿಸ್‌ಗೆ ಹೆಸರು ಕಟ್ಟಬೇಡಿ

ಹೂವಿನ ಕಾಲ ಶುರುವಾದರೆ ಸಾಕು, ನನ್ನ ಫೋನಿಗೆ ಐರಿಸ್ ಎಂಬ ತೋಟದ ಹೂವಿನ ಫೋಟೊಗಳು ಬರತೊಡಗುತ್ತವೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ. ಒಂದೇ ಹೂ, ಎದುರಿನಿಂದ, ಪರದೆ ತುಂಬುವಷ್ಟು ಹತ್ತಿರ ಹೋಗಿ ತೆಗೆದದ್ದು. ಜೊತೆಗೆ ಒಂದು ಸಾಲು: "ಇದು ಯಾವ ತಳಿ ಹೇಳಿ ಸರ್." ಗಿಡದ ಎತ್ತರ ಗೊತ್ತಾಗುವುದಿಲ್ಲ, ಎಲೆ ಕಾಣುವುದಿಲ್ಲ, ಯಾರು ಕೊಟ್ಟರು, ಎಷ್ಟು ವರ್ಷದಿಂದ ಇದೆ ಎಂಬ ಸುದ್ದಿಯೇ ಇಲ್ಲ. ನಾನು ತಿರುಗಿ ನಾಲ್ಕು ಪ್ರಶ್ನೆ ಕೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದವರು ಎರಡು ದಿನ ಬಿಟ್ಟು ಖುಷಿಯಿಂದ ಬರೆಯುತ್ತಾರೆ: "ಸಿಕ್ತು ಸರ್! ನೆಟ್‌ನಲ್ಲಿ ಹುಡುಕಿದೆ, ಥೇಟ್ ಹೀಗೇ ಇದೆ." ಅಷ್ಟರಲ್ಲಿ ಗಿಡದ ಬುಡದಲ್ಲಿ ಹೆಸರಿನ ಚೀಟಿಯೂ ನಿಂತಿರುತ್ತದೆ.

ಆ "ಥೇಟ್ ಹೀಗೇ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಗೆ ಹೇಳುವವರ ಮೇಲೆ ಸಿಟ್ಟಿಲ್ಲ, ಅವರ ಪ್ರೀತಿ ದೊಡ್ಡದು. ಆದರೆ ಹೋಲುವುದು ಬೇರೆ, ಅದೇ ಆಗಿರುವುದು ಬೇರೆ. ಇಷ್ಟು ವರ್ಷದಿಂದ ಹೇಳುತ್ತಿದ್ದರೂ ಜನರಿಗೆ ದಾಟಿಸಲು ಆಗದೇ ಇರುವ ಸಂಗತಿ ಇದೊಂದೇ. ಹಾಗಾಗಿ ಇವತ್ತು ಇದನ್ನೇ ಹಿಡಿದು ಕೂರುತ್ತೇನೆ. ನಿಮ್ಮ ಗಿಡ ಗಡ್ಡದ ಐರಿಸೋ (ಅಂದರೆ ಜೋತ ಎಸಳಿನ ಮೇಲೆ ಕೂದಲಿನಂಥ ಕುಚ್ಚು ಇರುವಂಥದ್ದೋ), ಗಡ್ಡವಿಲ್ಲದ್ದೋ, ಗೆಡ್ಡೆ ಮಣ್ಣಿನ ಮೇಲೆ ಮಲಗಿದೆಯೋ, ಈರುಳ್ಳಿಯಂತೆ ಒಳಗಿದೆಯೋ ಎಂಬುದನ್ನು ನೀವೇ ನೋಡಿಕೊಂಡಿರುತ್ತೀರಿ ಎಂದುಕೊಳ್ಳುತ್ತೇನೆ.

ತಳಿ ಎಂದರೇನು? ಯಾವುದೋ ಕಾಲದಲ್ಲಿ ಒಂದು ಬೀಜ ಮೊಳೆಯಿತು. ಅದರಿಂದ ಬಂದ ಗಿಡ ಚೆನ್ನಾಗಿದೆ ಎಂದು ಬೆಳೆದವರಿಗೆ ಅನ್ನಿಸಿತು, ಒಂದು ಹೆಸರಿಟ್ಟರು. ಆಮೇಲೆ ಅದರ ಗೆಡ್ಡೆಯಿಂದ ಮರಿಗೆಡ್ಡೆ ಒಡೆದು, ಅದರಿಂದ ಇನ್ನೊಂದು ಒಡೆದು, ಕೈಯಿಂದ ಕೈಗೆ ಹಂಚಿಕೊಂಡು ಬಂದರು. 'ಹೊನೊರಾಬಿಲೆ' ಎಂಬ ಹಳದಿ-ಕಂದು ಬಣ್ಣದ ಚಿಕ್ಕ ಐರಿಸ್ 1840ರದ್ದು, ಫ್ರಾನ್ಸಿನ ಲೆಮೋನ್ ಎಂಬಾತ ಹೊರತಂದದ್ದು. ಇವತ್ತು ಯಾವುದೋ ಹಳೆಯ ಮನೆಯ ಬೇಲಿಯ ಪಕ್ಕ ನಿಜವಾದ 'ಹೊನೊರಾಬಿಲೆ' ಇದ್ದರೆ, ಅದು 1840ರ ಆ ಗಿಡದ ತುಂಡೇ. ಮಗಳಲ್ಲ, ಮೊಮ್ಮಗಳಲ್ಲ, ಅದೇ ಮೈ. ತಳಿಯ ಹೆಸರು ಸಲ್ಲುವುದು ಆ ಒಂದು ಮೈಗೆ ಮಾತ್ರ.

ಈಗ ಅದೇ ಗಿಡದಲ್ಲಿ ಒಂದು ಕಾಯಿ ಕಟ್ಟಿತು, ನೀವು ಗಮನಿಸಲಿಲ್ಲ, ಒಡೆದು ಬೀಜ ಪಕ್ಕದಲ್ಲೇ ಬಿತ್ತು ಎಂದಿಟ್ಟುಕೊಳ್ಳಿ. ಎರಡು ಮೂರು ವರ್ಷದಲ್ಲಿ ಅಲ್ಲೇ ಒಂದು ಸಸಿ ಹೂ ಬಿಡುತ್ತದೆ. ಬಣ್ಣ ತಾಯಿಯದ್ದೇ ಇರಬಹುದು, ಗಡ್ಡವೂ ಹಾಗೇ ಇರಬಹುದು. ಆದರೂ ಅದಕ್ಕೆ ತಾಯಿಯ ಹೆಸರು ಸಲ್ಲುವುದಿಲ್ಲ. ಅಕ್ಕತಂಗಿಯರು ಎಷ್ಟೇ ಒಂದೇ ಥರ ಕಂಡರೂ ಒಬ್ಬಳ ಹೆಸರು ಹಿಡಿದು ಇನ್ನೊಬ್ಬಳನ್ನು ಕರೆಯುತ್ತೇವೆಯೇ? ಒಂದೊಂದು ಕಾಯಿಯಲ್ಲೂ ಹತ್ತಾರು ಬೀಜ, ಹತ್ತಾರು ಬೇರೆ ಬೇರೆ ಗಿಡ. ಹೆಸರಿಲ್ಲದ ಐರಿಸ್‌ಗಳಲ್ಲಿ ಇಂಥ ಬೀಜದ ಸಸಿಗಳೂ ಇವೆ. ಅವಕ್ಕೆ ಯಾರೂ ಯಾವತ್ತೂ ಹೆಸರಿಟ್ಟಿಲ್ಲ. ಇಲ್ಲದ ಹೆಸರನ್ನು ಎಲ್ಲಿಂದ ಹುಡುಕುವುದು?

ಇನ್ನು ಹೆಸರಿರುವವುಗಳ ಲೆಕ್ಕಕ್ಕೆ ಬನ್ನಿ. 1920ರಲ್ಲಿ ಅಮೆರಿಕನ್ ಐರಿಸ್ ಸೊಸೈಟಿ ಹುಟ್ಟಿದ ಕಾರಣಗಳಲ್ಲಿ ಈ ಹೆಸರುಗಳ ಗೊಂದಲವೂ ಒಂದು. ಒಂದೇ ಗಿಡಕ್ಕೆ ನಾಲ್ಕು ಹೆಸರು, ನಾಲ್ಕು ಗಿಡಕ್ಕೆ ಒಂದೇ ಹೆಸರು ಎಂಬ ಸ್ಥಿತಿ ಆಗ. 1929ರಲ್ಲಿ, ಮತ್ತೆ 1939ರಲ್ಲಿ ಅವರು ದೊಡ್ಡ ಹೆಸರುಪಟ್ಟಿಗಳನ್ನೇ ಅಚ್ಚು ಹಾಕಿದರು. ಈರುಳ್ಳಿಯಂಥ ಗೆಡ್ಡೆಯವನ್ನು ಬಿಟ್ಟು ಉಳಿದೆಲ್ಲ ಐರಿಸ್‌ಗಳ ನೋಂದಣಿ ಇಂದಿಗೂ ಅವರಲ್ಲೇ. ನೋಂದಣಿಯಾದ ಹೆಸರುಗಳು ಹತ್ತಾರು ಸಾವಿರ. ಅದರಲ್ಲಿ ತಿಳಿನೀಲಿಯ ಎತ್ತರದ ಗಡ್ಡದ ಐರಿಸ್ ಎಂದು ಹುಡುಕಿದರೆ ಪುಟಗಟ್ಟಲೆ ಬರುತ್ತವೆ. ಬಿಳಿ ಮೈಗೆ ನೇರಳೆ ಹೊಲಿಗೆ ಹಾಕಿದಂಥ ಅಂಚು, ಅಂದರೆ ಪ್ಲಿಕಾಟಾ ಎನ್ನುತ್ತೇವಲ್ಲ, ಅದೂ ಅಷ್ಟೇ. 1844ರ 'ಮದಾಮ್ ಶೆರೋ'ದಿಂದ ಹಿಡಿದು ಇವತ್ತಿನವರೆಗೂ ತಳಿಗಾರರು ಆ ಅಂಚಿನ ಹಿಂದೆ ಬಿದ್ದಿದ್ದಾರೆ. ಇಷ್ಟರ ನಡುವೆ ನಿಮ್ಮ ಹೂವನ್ನು ಹೋಲುವ ಒಂದು ಫೋಟೊ ಸಿಗದೇ ಇದ್ದರೆ ಆಶ್ಚರ್ಯ. ಸಿಕ್ಕಿತು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ.

ಫೋಟೊ ಬಣ್ಣದ ವಿಷಯದಲ್ಲೂ ನಂಬಿಕಸ್ಥ ಸಾಕ್ಷಿಯಲ್ಲ. ಐರಿಸ್‌ನ ನೀಲಿ-ನೇರಳೆ ಕ್ಯಾಮೆರಾಗಳಿಗೆ ಕಷ್ಟದ ಬಣ್ಣ. ಕಣ್ಣಿಗೆ ನೇರಳೆಯಾಗಿದ್ದದ್ದು ಫೋಟೊದಲ್ಲಿ ಅಚ್ಚ ನೀಲಿಯಾಗಿ ಬರುತ್ತದೆ, ಇನ್ನೊಂದು ಫೋನಿನಲ್ಲಿ ಗುಲಾಬಿಗೆ ತಿರುಗುತ್ತದೆ. ಬೆಳಿಗ್ಗೆ ಆಗತಾನೆ ಬಿರಿದ ಹೂವಿಗೂ ಮೂರನೇ ದಿನದ ಬಿಸಿಲುಂಡ ಹೂವಿಗೂ ಒಂದೇ ದಂಟಿನಲ್ಲೇ ಅಜಗಜಾಂತರ. ಒಬ್ಬರು ನನಗೆ ಎರಡು ಬೇರೆ ತಳಿಗಳೆಂದು ಎರಡು ಫೋಟೊ ಕಳಿಸಿದ್ದರು. ಮಾತಾಡುತ್ತಾ ಹೋದರೆ ಎರಡೂ ಒಂದೇ ಬುಡದವು. ಒಂದು ನೆರಳಿನಲ್ಲಿ, ಇನ್ನೊಂದು ನಡುಮಧ್ಯಾಹ್ನ ತೆಗೆದದ್ದು.

ಅದಕ್ಕಿಂತ ದೊಡ್ಡ ಕೊರತೆ ಅಳತೆಯದ್ದು. ಹತ್ತಿರದಿಂದ ತೆಗೆದ ಹೂವಿನಲ್ಲಿ ಗಿಡ ಒಂದು ಗೇಣಿನದ್ದೋ ಎದೆಮಟ್ಟದ್ದೋ ತಿಳಿಯುವುದೇ ಇಲ್ಲ. ಗಡ್ಡದ ಐರಿಸ್‌ಗಳನ್ನು ವಿಂಗಡಿಸುವುದೇ ಎತ್ತರದಿಂದ. 20 ಸೆಂ.ಮೀ. ಒಳಗಿನ ಕುಳ್ಳಗಳಿಂದ ಶುರುವಾಗಿ, 70 ಸೆಂ.ಮೀ. ದಾಟಿದವು 'ಟಾಲ್ ಬಿಯರ್ಡೆಡ್', ಅಂದರೆ ಎತ್ತರದ ಗಡ್ಡದವು. ಅದಕ್ಕೆ ಸ್ವಲ್ಪ ಕೆಳಗೆ, 41ರಿಂದ 70 ಸೆಂ.ಮೀ. ನಡುವೆ, ಮೂರು ಗುಂಪುಗಳು ಒಟ್ಟಿಗೆ ಕೂತಿವೆ. ಅವುಗಳಲ್ಲಿ ಒಂದು ಎತ್ತರದವಕ್ಕಿಂತ ಮೊದಲೇ ಹೂ ಬಿಡುತ್ತದೆ, ಇನ್ನೊಂದು ಅವುಗಳ ಜೊತೆಗೇ ಬಿಡುತ್ತದೆ, ಮೂರನೆಯದರದ್ದು ತಂತಿಯಂಥ ತೆಳು ದಂಟು, ಚಿಕ್ಕ ಹೂ. ಎತ್ತರ, ಹೂ ಬಿಟ್ಟ ದಿನ, ದಂಟಿನ ದಪ್ಪ ಈ ಮೂರನ್ನು ಹೇಳಿದರೆ ಸಾವಿರಾರು ಹೆಸರುಗಳು ಒಂದೇ ಏಟಿಗೆ ಪಕ್ಕಕ್ಕೆ ಸರಿಯುತ್ತವೆ. ಫೋಟೊದಲ್ಲಿ ಈ ಮೂರೂ ಇರುವುದಿಲ್ಲ.

ಮೊಗ್ಗಿನ ಹೊದಿಕೆಯನ್ನಂತೂ ಯಾರೂ ನೋಡುವುದೇ ಇಲ್ಲ. ನನ್ನ ತೋಟದಲ್ಲಿ ಒಮ್ಮೆ ಎರಡು ಬುಡ ತಿಳಿನೇರಳೆ ಐರಿಸ್ ಅಕ್ಕಪಕ್ಕ ಇದ್ದವು. ಎರಡೂ ಬೇರೆ ಬೇರೆ ಮನೆಗಳಿಂದ ಬಂದವು, ಎರಡಕ್ಕೂ ಹೆಸರಿರಲಿಲ್ಲ. ಹೂವಿನ ಬಣ್ಣ, ಎತ್ತರ, ಹಳದಿ ತುದಿಯ ಗಡ್ಡ, ಎಲ್ಲ ಒಂದೇ. ಎರಡೂ ಒಂದೇ ತಳಿ ಎಂದು ಎರಡು ವರ್ಷ ನಾನೂ ನಂಬಿದ್ದೆ. ಮೂರನೇ ವರ್ಷ ಕಳೆ ಕೀಳಲು ಕೂತಾಗ ಕಣ್ಣು ಮೊಗ್ಗಿನ ಮಟ್ಟಕ್ಕೆ ಬಂತು. ಒಂದರಲ್ಲಿ ಮೊಗ್ಗನ್ನು ಸುತ್ತಿದ ಹೊದಿಕೆ ಹಸಿರಾಗಿ, ತುದಿ ಮಾತ್ರ ಒಣಗಿತ್ತು. ಇನ್ನೊಂದರಲ್ಲಿ ಅದು ಬುಡದಿಂದ ತುದಿಯವರೆಗೆ ಒಣಗಿದ ಈರುಳ್ಳಿ ಸಿಪ್ಪೆಯಂತೆ, ಬೆಳ್ಳಿಯ ಹೊಳಪಿನ ತೆಳು ಕಾಗದ. ಬೆರಳಲ್ಲಿ ಉಜ್ಜಿದರೆ ಸರಸರ ಸದ್ದು. ಹೂ ಇನ್ನೂ ಬಿರಿದಿರಲಿಲ್ಲ, ಹೊದಿಕೆ ಆಗಲೇ ಪೂರ್ತಿ ಕಾಗದ. ಅದು ಐರಿಸ್ ಪ್ಯಾಲಿಡಾ ಎಂಬ ಪ್ರಭೇದದ ಗುರುತು. ಅದರ ಹೂ ಮೂಸಿದರೆ ದ್ರಾಕ್ಷಿಯ ವಾಸನೆಯೂ ಇತ್ತು. ಎರಡು ವರ್ಷ ಒಂದೇ ಎಂದುಕೊಂಡಿದ್ದವು ಒಂದೇ ಪ್ರಭೇದವೂ ಆಗಿರಲಿಲ್ಲ.

ಇದೇ ಥರ ಎಲೆಯ ಬುಡವನ್ನು ಮಣ್ಣಿನ ಹತ್ತಿರ ಸರಿಸಿ ನೋಡಿ, ನೇರಳೆ ಬಣ್ಣ ಇದೆಯೇ? ಗಡ್ಡದ ಬಣ್ಣವನ್ನು ತುದಿಯಲ್ಲೊಮ್ಮೆ, ಗಂಟಲಿನ ಒಳಗೊಮ್ಮೆ ಬೇರೆ ಬೇರೆ ನೋಡಿ. ದಂಟಿಗೆ ಎಷ್ಟು ಕವಲು, ಒಟ್ಟು ಎಷ್ಟು ಮೊಗ್ಗು? ಜೋತ ಎಸಳಿನ ಅಗಲ ಎಷ್ಟು ಸೆಂ.ಮೀ.? ನೋಂದಣಿಯ ವಿವರಗಳಲ್ಲಿ ಇವುಗಳಲ್ಲಿ ಕೆಲವಾದರೂ ಸಿಗುತ್ತವೆ, ತಾಳೆ ನೋಡಲು ಆಧಾರ ಅವೇ. ಗಡ್ಡವಿಲ್ಲದವರ ಪೈಕಿ ಜಪಾನಿ ಐರಿಸ್‌ನ ಎಲೆಯ ನಡುವೆ ಎದ್ದು ಕಾಣುವ ನರ ಬೆರಳಿಗೇ ಸಿಗುತ್ತದೆ. ಐರಿಸ್ ಸಿಬಿರಿಕಾದ ದಂಟು ಒಳಗೆ ಟೊಳ್ಳು. ಅಲ್ಲಿ ಗುಂಪು ಹಚ್ಚುವುದು ಸುಲಭ, ತಳಿ ಹಚ್ಚುವುದು ಇನ್ನೂ ಕಷ್ಟ.

ಗಿಡದ ವಯಸ್ಸು ಗೊತ್ತಿದ್ದರೆ ನನಗೆ ಅರ್ಧ ಕೆಲಸ ಮುಗಿದಂತೆ. ಕಿತ್ತಳೆ-ಕೆಂಪು ಗಡ್ಡವಿರುವ ಗುಲಾಬಿ ಐರಿಸ್‌ಗಳು ಮಾರುಕಟ್ಟೆಗೆ ಬಂದದ್ದು 1940ರ ದಶಕದಲ್ಲಿ. ಹಾಗಾಗಿ "ಇದು 1925ರಿಂದ ನಮ್ಮಲ್ಲಿದೆ" ಎಂದು ಅಂಥ ಹೂ ತೋರಿಸಿದರೆ, ನೆನಪು ತಪ್ಪಿರಬೇಕು ಅಥವಾ ನಡುವೆ ಯಾರೋ ಬೇರೆ ಗಿಡ ನೆಟ್ಟಿರಬೇಕು. ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆ ಅಂಚು, ಗಡ್ಡದ ತುದಿಯಲ್ಲಿ ಕೊಂಬಿನಂಥ ಚಾಚು, ಇವೆಲ್ಲ ಇನ್ನೂ ಈಚಿನವು. ಹಳೆಯ ತಳಿಗಳ ಎಸಳು ಕಿರಿದು, ಬುಡದಲ್ಲಿ ಗೀರುಗೀರಾದ ನರಗಳು, ಮೇಲೆದ್ದ ಎಸಳು ಸಂಜೆಯ ಹೊತ್ತಿಗೆ ಸೋತು ಒರಗಿಕೊಳ್ಳುತ್ತದೆ. ನನಗೆ ಅವೇ ಹೆಚ್ಚು ಇಷ್ಟ.

"ಮೊದಲು ಹಳದಿ, ಗುಲಾಬಿ ಎಲ್ಲ ಇದ್ದವು, ಈಗ ಎಲ್ಲವೂ ನೇರಳೆಗೆ ತಿರುಗಿಬಿಟ್ಟಿವೆ" ಎಂದು ಬರೆಯುವವರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ತಿರುಗುವುದಿಲ್ಲ. ಅಪರೂಪಕ್ಕೊಮ್ಮೆ ಗಿಡದ ಒಂದು ಭಾಗ ಬಣ್ಣ ಬದಲಿಸುವುದುಂಟು, ಆದರೆ ಇಡೀ ಮಡಿ ನೇರಳೆಯಾಯಿತೆಂದರೆ ಗಟ್ಟಿ ಗಿಡ ಹಬ್ಬಿ ಬಡವಾದದ್ದನ್ನು ನುಂಗಿದೆ, ಅಷ್ಟೇ. ಹಳದಿಯ ಗೆಡ್ಡೆ ಮಡಿಯ ಅಂಚಿನಲ್ಲಿ ಹೂ ಬಿಡದೆ ಇನ್ನೂ ಬದುಕಿರಬಹುದು. ಬೇರ್ಪಡಿಸಿ ನೆಟ್ಟು ನೋಡಿ.

ತಪ್ಪು ಹೆಸರಿನಿಂದ ಏನು ನಷ್ಟ ಎಂದು ಕೇಳುತ್ತಾರೆ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಕಂದುಗೆಂಪು ಐರಿಸ್‌ಗೆ ಕ್ಯಾಟಲಾಗಿನ ಚಿತ್ರ ನೋಡಿ ಒಂದು ಹೆಸರು ಬರೆದೆ. ಮರಿಗೆಡ್ಡೆಗಳನ್ನು ಆ ಹೆಸರಿನೊಂದಿಗೇ ಹಂಚಿದೆ. ಕೆಲವು ವರ್ಷದ ಮೇಲೆ ಅನುಮಾನ ಬಂದು, ಆ ತಳಿ ಬೆಳೆಯುವ ಬೇರೆಯವರಿಂದ ಗೆಡ್ಡೆ ತರಿಸಿ ಪಕ್ಕದಲ್ಲಿ ನೆಟ್ಟೆ. ಥೇಟ್ ಒಂದೇ. ಸಮಾಧಾನವಾಯಿತು. ಆಮೇಲೆ ವಿಚಾರಿಸಿದರೆ ಅವರಿಗೆ ಆ ಗಿಡ ಕೊಟ್ಟವರಿಗೆ ಕೊಟ್ಟವನು ನಾನೇ! ನನ್ನ ತಪ್ಪು ಸುತ್ತು ಹಾಕಿ ನನ್ನದೇ ಮನೆಗೆ ಸಾಕ್ಷಿಯಾಗಿ ಬಂದಿತ್ತು. ಅಷ್ಟೂ ಜನರಿಗೆ ಒಬ್ಬೊಬ್ಬರಾಗಿ ಪತ್ರ ಬರೆದು ಚೀಟಿ ತೆಗೆಸಿದೆ, ಎಲ್ಲರೂ ಸಿಗಲಿಲ್ಲ. ಹೆಸರಿಲ್ಲದ ಗಿಡವನ್ನು ಯಾರಾದರೂ ಒಂದು ದಿನ ಹುಡುಕಿಯಾರು. ತಪ್ಪು ಹೆಸರಿರುವುದನ್ನು ಯಾರೂ ಹುಡುಕುವುದಿಲ್ಲ. ನಿಜವಾದ ತಳಿ ಕಳೆದುಹೋಗುತ್ತಿದ್ದರೂ ಎಲ್ಲರ ಬಳಿ ಇದೆ ಎಂಬ ಭ್ರಮೆ ಉಳಿಯುತ್ತದೆ.

ಹಾಗಾದರೆ ಯಾವಾಗ ಹೆಸರು ಕೊಡಬಹುದು? ನಾನು ಪಾಲಿಸುವುದು ಇಷ್ಟು. ಮೂರು ಋತು ಗಿಡದ ಟಿಪ್ಪಣಿ ಬೇಕು, ಏಕೆಂದರೆ ಕಿತ್ತು ನೆಟ್ಟ ಮೊದಲ ವರ್ಷದ ಎತ್ತರ, ಕವಲು ಯಾವುದನ್ನೂ ನಂಬುವಂತಿಲ್ಲ. ಎಲ್ಲಿಂದ ಬಂತೆಂಬ ಸುದ್ದಿ ಆ ತಳಿಯ ಕಾಲಕ್ಕೆ ಹೊಂದಬೇಕು. ಕೊನೆಗೆ, ಮೂಲ ಖಚಿತವಿರುವ ಸಂಗ್ರಹದಿಂದ ಬಂದ ಅದೇ ತಳಿಯನ್ನು ಒಂದೇ ಮಣ್ಣಿನಲ್ಲಿ ಪಕ್ಕದಲ್ಲಿ ಬೆಳೆಸಿ ನೋಡಬೇಕು. ಡಿಎನ್‌ಎ ಪರೀಕ್ಷೆ ಮಾಡಿಸಿದರಾಯಿತು ಎನ್ನುವವರಿಗೂ ಹೋಲಿಸಲು ಆ ಖಚಿತ ಗಿಡ ಬೇಕೇ ಬೇಕು. ಇಷ್ಟೆಲ್ಲ ಆದ ಮೇಲೂ ನಾನು ಬರೆಯುವುದು "ಬಹುಶಃ" ಎಂದೇ. ಅಲ್ಲಿಯವರೆಗೆ ಚೀಟಿಯಲ್ಲಿ ಬಣ್ಣ, ಕೊಟ್ಟವರು, ಬಂದ ವರ್ಷ ಇರಲಿ. ಹೂವಿರುವಾಗಲೇ ಬರೆದು ನೆಡಿ, ಹೂ ಹೋದ ಮೇಲೆ ಎಲೆ ನೋಡಿ ಯಾವುದು ಯಾವುದೆಂದು ನನಗೂ ಹೇಳಲಾಗದು. ಪೆನ್ಸಿಲ್‌ನಲ್ಲಿ ಬರೆಯಿರಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ಗೀಟು ವರ್ಷಗಟ್ಟಲೆ ನಿಲ್ಲುತ್ತದೆ.

ಆ ಕಾಗದದ ಹೊದಿಕೆಯ ಪ್ಯಾಲಿಡಾ ಕೊಟ್ಟಿದ್ದು ಒಬ್ಬ ವಯಸ್ಸಾದ ಹೆಂಗಸು. ಅವರ ಅತ್ತೆ ನೆಟ್ಟಿದ್ದ ಗಿಡ. ಮನೆ ಮಾರುವಾಗ ನಾಲ್ಕು ಗೆಡ್ಡೆ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಯಾರೋ ಅವರಿಗೆ ಅದು 'ಡಾಲ್ಮಾಟಿಕಾ' ಎಂದು ಹೇಳಿದ್ದರು, ಅದು ಪ್ಯಾಲಿಡಾದ ಒಂದು ಪ್ರಸಿದ್ಧ ತಳಿ. "ಹೌದು ಅಂತ ಬರೆದುಕೊಡಪ್ಪ, ನನಗೆ ಅಷ್ಟು ಸಾಕು" ಎಂದರು. "ಅಮ್ಮಾ, ಪ್ಯಾಲಿಡಾ ಅನ್ನುವುದು ಖಂಡಿತ, ಅದರ ಮುಂದಿನದ್ದು ನನ್ನಿಂದ ಹೇಳಲಾಗದು" ಎಂದೆ. ಮುಖ ಸಪ್ಪೆಯಾಯಿತು. ಚೀಟಿಯಲ್ಲಿ "ಐರಿಸ್ ಪ್ಯಾಲಿಡಾ" ಎಂದು ಬರೆದು, ಕೆಳಗೆ ಜಾಗ ಬಿಟ್ಟು, ಗಿಡ ಎಲ್ಲಿಂದ ಬಂತೆಂದು ನೀವೇ ಬರೆಯಿರಿ ಎಂದು ಪೆನ್ಸಿಲ್ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಚೀಟಿ ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಕನ್ನಡಕ ಏರಿಸಿಕೊಂಡು, ನಿಧಾನವಾಗಿ, ಅತ್ತೆಯ ಹೆಸರನ್ನು ಪೂರ್ತಿಯಾಗಿ ಬರೆದರು.