ವಾಯ್ಸ್ ಮೆಸೇಜಿನಲ್ಲಿ ಕನ್ನಡ: ಮುಂಬೈಯಲ್ಲಿ ಕಲಿಸುವವರಿಗೆ ಟಿಪ್ಪಣಿ

ಮುಂಬೈಯಲ್ಲಿ ಕನ್ನಡ ಕಲಿಸಲು ತಯಾರಾಗುತ್ತಿರುವ ನಮ್ಮ ಗುಂಪಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ತಯಾರಿಯಲ್ಲಿ ನಾವು ಓದುವ ಪಾಠದ ಹೆಸರು 'ಭಾಷಾ ತರಗತಿಯಲ್ಲಿ ತಂತ್ರಜ್ಞಾನ'. ಸ್ಮಾರ್ಟ್ ಬೋರ್ಡ್, ಕ್ವಿಜ್, ವಿಡಿಯೊ, ಆ್ಯಪ್ ಅಂತ ದೊಡ್ಡ ಪಟ್ಟಿಯೇ ಇದೆ. ಅದನ್ನು ಓದುವಾಗ ಒಂದು ಪ್ರಶ್ನೆ ಕೈಯಲ್ಲಿ ಹಿಡಿದಿರಿ: ಈ ಸಾಧನ ಬಂದ ಮೇಲೆ ತರಗತಿಯಲ್ಲಿ ಯಾರ ಮಾತು ಜಾಸ್ತಿಯಾಯಿತು? ಟೀಚರದ್ದಾದರೆ ಅದನ್ನು ಬದಿಗಿಡಬಹುದು. ಮಕ್ಕಳದ್ದಾದರೆ ಅದು ನಮಗೆ ಬೇಕಾದ ಸಾಧನ.

ಮೊದಲು ನಮ್ಮ ಮುಂದೆ ಕೂರುವ ಮಕ್ಕಳು ಯಾರು ಅಂತ ನೋಡೋಣ. ಮುಂಬೈ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ ಶಾಲೆಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಅಲ್ಲಿನ ಮಕ್ಕಳ ವಿಚಾರ ಬೇರೆ. ನಾನು ಹೇಳುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾ ಭಾನುವಾರ ಬೆಳಿಗ್ಗೆ ಕನ್ನಡ ಕಲಿಯಲು ಬರುವವರ ಬಗ್ಗೆ. ಮನೆ ಡೊಂಬಿವಲಿಯಲ್ಲೋ ಘಾಟ್‌ಕೋಪರ್‌ನಲ್ಲೋ ಇರುತ್ತದೆ. ಅಪ್ಪ ಅಮ್ಮನ ಊರು ಕಲಬುರಗಿ ಕಡೆ, ಇಲ್ಲವೇ ಉಡುಪಿ ಕಡೆ. ಕೆಲವರ ಮನೆಮಾತು ತುಳು, ಕನ್ನಡ ಅವರಿಗೆ ಅಜ್ಜ ಅಜ್ಜಿ ಓದುವ ಭಾಷೆ. ಹೆಚ್ಚಿನ ಮಕ್ಕಳಿಗೆ ನಾವು ಹೇಳಿದ್ದು ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

ಇಲ್ಲಿ ಭಾಷಾ ಕಲಿಕೆಯ ಸಂಶೋಧಕರ ಎರಡು ಹೆಸರು ನೆನಪಿಡಿ. ಅರ್ಥವಾಗುವಂಥ ಭಾಷೆ ಕಿವಿಗೆ ಸಾಕಷ್ಟು ಬಿದ್ದರೆ ಭಾಷೆ ಬರುತ್ತದೆ ಅಂದವರು ಸ್ಟೀಫನ್ ಕ್ರಾಶೆನ್. ಅಷ್ಟೇ ಸಾಲದು ಅಂದವರು ಮೆರಿಲ್ ಸ್ವೇನ್. ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳು ವರ್ಷಗಟ್ಟಲೆ ಫ್ರೆಂಚ್‌ನಲ್ಲೇ ಪಾಠ ಕೇಳಿದರೂ ಅವರ ಮಾತಿನಲ್ಲಿ, ಬರವಣಿಗೆಯಲ್ಲಿ ವ್ಯಾಕರಣದ ಕೊರತೆ ಉಳಿದಿತ್ತು. ಅದನ್ನು ನೋಡಿ 1985ರಲ್ಲಿ ಸ್ವೇನ್ ಹೇಳಿದ್ದು ಇದು: ಕೇಳುವಾಗ ಅಂದಾಜಿನಲ್ಲಿ ಅರ್ಥ ಮಾಡಿಕೊಂಡು ಮುಂದೆ ಹೋಗಬಹುದು, ಮಾತಾಡುವಾಗ ಹಾಗೆ ಆಗುವುದಿಲ್ಲ. ವಾಕ್ಯವನ್ನು ನಾವೇ ಕಟ್ಟಬೇಕು, ಆಗಲೇ ಎಲ್ಲಿ ತೊಡಕಿದೆ ಅಂತ ಗೊತ್ತಾಗುವುದು. ನಮ್ಮ ಭಾನುವಾರದ ಮಕ್ಕಳ ಪರಿಸ್ಥಿತಿಯೂ ಇದೇ ಅಲ್ವಾ? ಕಿವಿ ತಯಾರಿದೆ, ಬಾಯಿಗೆ ಅವಕಾಶ ಸಿಕ್ಕಿಲ್ಲ.

ಮೂರನೇ ಹೆಸರು ಮೇರಿ ಬಡ್ ರೋ. ವಿಜ್ಞಾನದ ತರಗತಿಗಳನ್ನು ಗಮನಿಸಿದ ಅವರು ಕಂಡುಕೊಂಡದ್ದು: ಪ್ರಶ್ನೆ ಕೇಳಿದ ಮೇಲೆ ಟೀಚರ್ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ನೆ ಕೂತವರೂ ಬಾಯಿ ಬಿಡುತ್ತಾರೆ. ಇಪ್ಪತ್ತು ಮಕ್ಕಳ ಮುಂದೆ, ಇನ್ನೂ ಸರಿಯಾಗಿ ಬಾರದ ಭಾಷೆಯಲ್ಲಿ ಉತ್ತರ ಕೊಡುವ ಮಗುವಿಗೆ 3 ಸೆಕೆಂಡೂ ಕಮ್ಮಿಯೇ.

ವಾಟ್ಸಾಪ್ ವಾಯ್ಸ್ ಮೆಸೇಜ್ ಉಪಯೋಗಕ್ಕೆ ಬರುವುದು ಇಲ್ಲೇ. ಅಲ್ಲಿ ಕಾಯುವ ಸಮಯಕ್ಕೆ ಮಿತಿಯಿಲ್ಲ. ಮಗು ಒಮ್ಮೆ ಹೇಳುತ್ತದೆ, ಕೇಳಿಸಿಕೊಳ್ಳುತ್ತದೆ, ಸರಿಯಿಲ್ಲ ಅನಿಸಿದರೆ ಅಳಿಸಿ ಮತ್ತೆ ಹೇಳುತ್ತದೆ. ನಮಗೆ ಬಂದು ಸೇರುವುದು ಒಂದೇ ಮೆಸೇಜ್, ಅದರ ಹಿಂದಿನ ಅಭ್ಯಾಸ ನಮಗೆ ಕಾಣುವುದೇ ಇಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಕೆಲಸ ಇಷ್ಟು: ಊರಿನ ಅಜ್ಜಿಗೆ ಫೋನ್ ಮಾಡು, ಕೊಟ್ಟೆ ಕಡುಬು ಹೇಗೆ ಮಾಡೋದು ಅಂತ ಕೇಳು, ಒಂದು ನಿಮಿಷದಲ್ಲಿ ನನಗೆ ಹೇಳು. ಐದನೇ ತರಗತಿಯ ಹುಡುಗಿಯೊಬ್ಬಳಿಂದ ಬಂದ ಉತ್ತರ ಹೀಗಿತ್ತು:

"ಟೀಚರ್, ಅಜ್ಜಿ ಹಲಸಿನ ಎಲೆ ತಗೋತಾರೆ. ನಾಲ್ಕು ಎಲೆ. ಅದಕ್ಕೆ ಕಡ್ಡಿ ಚುಚ್ಚಿ ಕಟೋರಿ ತರಹ ಮಾಡ್ತಾರೆ. ಅದ್ರಲ್ಲಿ ಇಡ್ಲಿ ಹಿಟ್ಟು ಹಾಕ್ತಾರೆ. ಆಮೇಲೆ ಸ್ಟೀಮ್. ಮಮ್ಮಿ ಇಲ್ಲಿ ಒಂದ್ಸಲನೂ ಮಾಡಿದೆ ಇಲ್ಲ."

ಇದಕ್ಕೆ ಏನು ಹೇಳಬೇಕು? 'ಮಾಡಿದೆ ಇಲ್ಲ ಅಲ್ಲ, ಮಾಡಿಲ್ಲ' ಅಂತ ತಿದ್ದುವುದು ಸುಲಭ. ಆದರೆ ಅವಳು ಮಾತಾಡಿದ್ದು ಅಜ್ಜಿಯ ಬಗ್ಗೆ, ಉತ್ತರವೂ ಅದಕ್ಕೇ ಮೊದಲು ಹೋಗಬೇಕು. "ಕಡ್ಡಿ ಯಾವುದರದ್ದು? ಎಲೆ ಹರಿಯೋದಿಲ್ವಾ?" ಅಂತ ವಾಯ್ಸ್ ಮೆಸೇಜಿನಲ್ಲೇ ಕೇಳಿ. ನಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿದರೆ ಇನ್ನೂ ಒಳ್ಳೆಯದು. ಅವಳು ಮತ್ತೆ ಅಜ್ಜಿಗೆ ಫೋನ್ ಮಾಡಬೇಕಾಗುತ್ತದೆ.

ಆಮೇಲೆ ತಪ್ಪಿನ ವಿಷಯ. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ, ಅದೂ ಕೆನಡಾದ ಫ್ರೆಂಚ್ ತರಗತಿಗಳದ್ದೇ. ಟೀಚರುಗಳು ಅರ್ಧಕ್ಕಿಂತ ಜಾಸ್ತಿ ಸಲ ಮಾಡುತ್ತಿದ್ದದ್ದು ಒಂದೇ: ಮಗುವಿನ ತಪ್ಪು ವಾಕ್ಯವನ್ನು ಸರಿ ಮಾಡಿ ತಾವೇ ಹೇಳಿಬಿಡುವುದು. ಮಕ್ಕಳು ಅತಿ ಕಡಿಮೆ ಹಿಡಿದುಕೊಂಡದ್ದೂ ಅದನ್ನೇ. ಮಗುವೇ ಮತ್ತೆ ಹೇಳುವಂತೆ ಮಾಡಿದಾಗ ಫಲ ಚೆನ್ನಾಗಿತ್ತು. ಹಾಗಾಗಿ ನಾವು ಕೇಳಬೇಕಾದ್ದು: "ಮಮ್ಮಿ ಈ ವರ್ಷ ಚೌತಿಗೆ ಕಡುಬು ಮಾಡಿದ್ದಾರಾ, ಇಲ್ವಾ? ಪೂರ್ತಿ ಹೇಳು." ಉತ್ತರ ಬಂತು: "ಚೌತಿಗೂ ಮಾಡಿಲ್ಲ ಟೀಚರ್." ಸರಿಯಾದ ರೂಪ ಅವಳ ಒಳಗೇ ಇತ್ತು, ಕೇಳುವವರು ಬೇಕಿತ್ತು ಅಷ್ಟೇ. ಕಟೋರಿ, ಸ್ಟೀಮ್ ಇವನ್ನು ಆ ದಿನ ಮುಟ್ಟಬೇಡಿ. ಒಂದು ಮೆಸೇಜಿಗೆ ಒಂದೇ ತಿದ್ದುಪಡಿ ಸಾಕು.

ಇನ್ನೊಂದು ಎಚ್ಚರ. 'ಹೋಗಬೇಕು' ಅನ್ನುವ ಬದಲು, ಅಜ್ಜಿ ಕುಂದಾಪುರದವರಾದರೆ ಮಗು 'ಹೋಯ್ಕ್' ಅನ್ನಬಹುದು, ಕಲಬುರಗಿಯವರಾದರೆ 'ಹೋಗ್ಬೇಕ್ರಿ' ಅನ್ನಬಹುದು. ಅದು ಮನೆಯಿಂದ ಬಂದ ಕನ್ನಡ. ದಯವಿಟ್ಟು ಅದಕ್ಕೆ ಕೆಂಪು ಗೆರೆ ಹಾಕಬೇಡಿ. ಪುಸ್ತಕದ ರೂಪವನ್ನು ಬೇರೆ ದಿನ, ಬೇರೆ ಪಾಠದಲ್ಲಿ ಹೇಳಿಕೊಡಿ.

ಉಚ್ಚಾರಕ್ಕೆ ವಾಯ್ಸ್ ಟೈಪಿಂಗ್ ಒಳ್ಳೆಯ ಸಾಧನ. ಗೂಗಲ್ 2017ರಲ್ಲಿ ಕನ್ನಡವನ್ನು ಅದಕ್ಕೆ ಸೇರಿಸಿತು. ಮುಂಬೈ ಮಕ್ಕಳಿಗೆ ಯಾವುದು ಕಷ್ಟ ಅಂತ ತಿಳಿದು ಪದಗಳನ್ನು ಆರಿಸಿಕೊಳ್ಳಬೇಕು. ಮರಾಠಿ ಬಲ್ಲ ಮಗುವಿಗೆ 'ಳ' ಸಮಸ್ಯೆಯೇ ಅಲ್ಲ, ಮರಾಠಿಯಲ್ಲೂ ಅದಿದೆ. ಬರೀ ಹಿಂದಿ ಬಲ್ಲ ಮಗುವಿಗೆ ಅದು ತೊಡಕು. ಎರಡೂ ಗುಂಪಿಗೆ ಕಷ್ಟವಾಗುವುದು ಎ–ಏ, ಒ–ಓ. ಹಿಂದಿ, ಮರಾಠಿ ಬರೆಯುವಾಗ ಈ ಹ್ರಸ್ವ, ದೀರ್ಘ ಬೇರೆ ಬೇರೆ ಇಲ್ಲ. ಆದ್ದರಿಂದ 'ಬೆಳೆ' ಮತ್ತು 'ಬೇಳೆ', 'ಕೊಡು' ಮತ್ತು 'ಕೋಡು' ಇಂಥ ಜೋಡಿಗಳನ್ನು ಕೊಡಿ. ಮಗು ಫೋನಿಗೆ 'ಬೆಳೆ' ಅನ್ನಲಿ. ತೆರೆಯ ಮೇಲೆ 'ಬೇಳೆ' ಬಂದರೆ ತಾನೇ ನಿಂತು ಯೋಚಿಸುತ್ತದೆ. ಬಿಡಿ ಪದಗಳಿಗೆ ಮಾತ್ರ ಇದನ್ನು ಬಳಸಿ. ವಾಕ್ಯ ಹೇಳಿದರೆ ಯಂತ್ರ ಹಿಂದುಮುಂದಿನ ಪದ ನೋಡಿ ಊಹಿಸಿ ಬರೆದುಬಿಡುತ್ತದೆ, ಮಗುವಿನ ತಪ್ಪು ಮುಚ್ಚಿಹೋಗುತ್ತದೆ. ಬಿಡಿ ಪದದಲ್ಲೂ ಅದು ಕೆಲವೊಮ್ಮೆ ತಪ್ಪುವುದುಂಟು, ಹಾಗಾಗಿ ಪಕ್ಕದಲ್ಲಿ ನಮ್ಮ ಕಿವಿಯೂ ಇರಬೇಕು.

ಕಹೂಟ್ ಥರದ ಕ್ವಿಜ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳಿಗೆ ಖುಷಿ ಕೊಡುತ್ತವೆ, ನಿಜ. ಆದರೆ ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಅಂದರೆ ಒತ್ತಕ್ಷರ ನಿಧಾನವಾಗಿ ಓದುವ ಮಗು ಪ್ರತಿ ಸಲ ಕೊನೆಗೇ ಉಳಿಯುತ್ತದೆ. ಸಮಯ ಹೆಚ್ಚಿಸಿ, ಇಬ್ಬರಿಗೊಂದು ಫೋನ್ ಕೊಡಿ. ಆಗ ಉತ್ತರ ಯಾವುದು ಅಂತ ಅವರಿಬ್ಬರೂ ಚರ್ಚೆ ಮಾಡಬೇಕಾಗುತ್ತದೆ, ಅದನ್ನು ಕನ್ನಡದಲ್ಲೇ ಮಾಡಲಿ. ಸ್ಲೈಡು, ಸ್ಮಾರ್ಟ್ ಬೋರ್ಡ್ ಚಿತ್ರ ತೋರಿಸಲು ಚೆನ್ನ, ಅಷ್ಟೇ.

ಈಗ ಪಾಠದಲ್ಲಿ ಇಲ್ಲದ, ಆದರೆ ಮುಂಬೈಯಲ್ಲಿ ಮರೆಯಬಾರದ ಮಾತು. ಎಷ್ಟೋ ಮನೆಗಳಲ್ಲಿ ಒಂದೇ ಒಳ್ಳೆಯ ಫೋನ್ ಇರುತ್ತದೆ, ಅದು ಅಪ್ಪನ ಜೊತೆ ಲೋಕಲ್ ಟ್ರೇನಿನಲ್ಲಿರುತ್ತದೆ. ರಾತ್ರಿ ಒಂಬತ್ತಕ್ಕೆ ಅವರು ಮನೆ ಮುಟ್ಟಿದ ಮೇಲೆ ಮಗುವಿನ ಸರದಿ. ಒಂದೇ ಕೋಣೆಯ ಮನೆಯಾದರೆ ಆಗ ಟಿವಿ ನಡೆಯುತ್ತಿರುತ್ತದೆ, ತಮ್ಮ ಅಳುತ್ತಿರುತ್ತಾನೆ. 'ಇವತ್ತೇ ಕಳಿಸಿ' ಅನ್ನಬೇಡಿ, ವಾರವಿಡೀ ಸಮಯ ಕೊಡಿ. ಗದ್ದಲವಿದ್ದರೆ ಇರಲಿ. ಫೋನೇ ಸಿಗದ ಮಗುವಿಗೆ ಭಾನುವಾರ ನಮ್ಮ ಫೋನ್ ಕೊಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತು ಮಾತಾಡಲು ಬಿಡಿ.

ಮೆಸೇಜು ಗುಂಪಿಗೆ ಬೇಡ, ಟೀಚರಿಗೊಬ್ಬರಿಗೇ ಬರಲಿ. ಗುಂಪಿಗೆ ಹಾಕಿದರೆ ಮಗು ಮತ್ತೆ ಇಪ್ಪತ್ತು ಜನರ ಮುಂದೆ ನಿಂತ ಹಾಗೆ. ಮಗುವಿನ ದನಿ ಇಟ್ಟುಕೊಳ್ಳುವ ಮೊದಲು ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಕೇಳುವುದೇ ಸರಿ. ಈ ನೆಪದಲ್ಲಿ ಮನೆಯವರ ಪರಿಚಯವೂ ಆಗುತ್ತದೆ.

ಒಪ್ಪಿಗೆ ಸಿಕ್ಕರೆ ಜೂನ್ ತಿಂಗಳ ಮೊದಲ ಮೆಸೇಜನ್ನು ಜೋಪಾನವಾಗಿಡಿ. ಮಾರ್ಚಿನಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿ, ಎರಡನ್ನೂ ಮಗುವಿಗೆ ಇಯರ್‌ಫೋನಿನಲ್ಲಿ ಕೇಳಿಸಿ. ಮನೆಯವರಿಗೆ ಕಳಿಸಬೇಕೋ ಬೇಡವೋ ಅಂತ ಮಗುವೇ ಹೇಳಲಿ. ಅಂಕ ಕೊಡುವ ಅಗತ್ಯವಿಲ್ಲ. ಏನು ಬದಲಾಗಿದೆ ಅಂತ ಕನ್ನಡದಲ್ಲೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ.